ಎದುರು ಮನೆ ತಾರಸಿಗೆ ಟವರ್ ಬಂದಾಗ ನಾವು ಮಾಡಿದ್ದು

2023ರ ಬೇಸಿಗೆ. ಬೆಳಗ್ಗೆ ಹಾಲು ತರಲು ಹೊರಟೆ, ಎದುರು ಮನೆ ಮುಂದೆ ಲಾರಿ ನಿಂತಿತ್ತು. ಕಬ್ಬಿಣದ ಆಂಗಲ್, ಹಗ್ಗ, ರಾಟೆ ಎಲ್ಲ ಇಳಿಸುತ್ತಿದ್ದರು. ತಾರಸಿ ಮೇಲೆ ಮೊಬೈಲ್ ಟವರ್ ಬರುತ್ತದೆ ಅಂತ ಕೆಲಸದವರೇ ಹೇಳಿದರು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮನೆಗಳು ಒತ್ತೊತ್ತು, ಆ ತಾರಸಿಗೂ ನಮ್ಮ ಮಲಗುವ ಕೋಣೆ ಕಿಟಕಿಗೂ ಮೂವತ್ತು ಅಡಿ ಇರಬಹುದು ಅಷ್ಟೆ.

ಸಂಜೆ ಬೀದಿಯವರೆಲ್ಲ ಸೇರಿದೆವು. ರೇಡಿಯೇಷನ್, ಕ್ಯಾನ್ಸರ್ ಅಂತ ಎಲ್ಲರಿಗೂ ಭಯ. ‘ಅನುಮತಿ ಕೊಡಬೇಡಿ’ ಅಂತ ಅರ್ಜಿ ಬರೆದು, ಸಹಿ ಹಾಕಿಸಿ ಪಾಲಿಕೆಯ ವಲಯ ಕಚೇರಿಗೆ ಹೋದೆವು. “ಖಾಸಗಿ ಕಟ್ಟಡಕ್ಕೆ ನಮ್ಮ ಅನುಮತಿಯೇ ಬೇಕಿಲ್ಲ ಮೇಡಂ” ಅಂದರು ಅಲ್ಲಿನ ಇಂಜಿನಿಯರ್. ನಿಜವೇ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಾಯಿಸಿತ್ತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿತ್ತು: ಕೆಲಸ ಶುರು ಮಾಡುವ ಮುಂಚೆ ಕಂಪನಿ ಪಾಲಿಕೆಗೆ ಲಿಖಿತವಾಗಿ ತಿಳಿಸಬೇಕು, ಜೊತೆಗೆ ಕಟ್ಟಡದ ವಿವರ ಕೊಡಬೇಕು, ಕಟ್ಟಡ ಭಾರ ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಸರ್ಟಿಫಿಕೇಟ್ ಕೂಡ ಇಡಬೇಕು.

ಹಾಗಾಗಿ ಅರ್ಜಿ ಬದಲಾಯಿಸಿದೆವು. ಟವರ್ ಬೇಡ ಅನ್ನುವುದನ್ನು ಬಿಟ್ಟು, ಆ ಪತ್ರದ ಪ್ರತಿ ಮತ್ತು ಆ ಸರ್ಟಿಫಿಕೇಟ್ ಪ್ರತಿ ಕೊಡಿ ಅಂತ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಅದಕ್ಕೇ ಕಷ್ಟಸುಖ ಹೇಳಿಕೊಳ್ಳದೆ ನೇರ ಕೇಳಿ. ಉತ್ತರಕ್ಕೆ 30 ದಿನ ಗಡುವು.

ಕಾಯುವಾಗ ಭಯದ ವಿಷಯಕ್ಕೂ ಒಂದು ದಾರಿ ಹುಡುಕಿದೆವು. ಹಿಂದಿನ ಬೀದಿಯಲ್ಲಿ ಆಗಲೇ ಒಂದು ಟವರ್ ಇತ್ತು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ 4000 ರೂಪಾಯಿ ಕಟ್ಟಿದರೆ ಅವರೇ ಬಂದು ಟವರ್ ರೇಡಿಯೇಷನ್ ಅಳೆಯುತ್ತಾರೆ. ಇಪ್ಪತ್ತು ಮನೆ, ಮನೆಗೆ ಇನ್ನೂರು. 2012ರ ಸೆಪ್ಟೆಂಬರ್‌ನಿಂದ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ, 900 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯ ಸಿಗ್ನಲ್‌ಗೆ ಚದರ ಮೀಟರಿಗೆ 0.45 ವ್ಯಾಟ್. ನಮ್ಮಲ್ಲಿ ಅದಕ್ಕಿಂತ ತುಂಬಾ ಕಡಿಮೆ ಬಂತು. ಅದನ್ನು ನೋಡಿದ ಮೇಲೆ ಬೀದಿಯ ಮಾತಿನ ಧಾಟಿಯೇ ಬದಲಾಯಿತು. ಸುಮ್ನೆ ಹೆದರುವುದಕ್ಕಿಂತ ಅಳೆಸಿ ನೋಡುವುದು ಎಷ್ಟೋ ವಾಸಿ ಅಲ್ವಾ?

26ನೇ ದಿನ ಪ್ರತಿಗಳು ಬಂದವು. ಆ ಹೊತ್ತಿಗೆ ತಾರಸಿ ಮೇಲೆ ಆಂಗಲ್ ನಿಂತಾಗಿತ್ತು. ಕಾಗದ ತೆಗೆದುಕೊಂಡು ಎದುರು ಮನೆ ಮೇಷ್ಟ್ರ ಹತ್ತಿರ ಹೋದೆ. ಅಲ್ಲಿಯವರೆಗೆ ಅವರನ್ನು ಒಬ್ಬರೂ ಮಾತಾಡಿಸಿರಲಿಲ್ಲ. ಮೊದಲ ದಿನವೇ ಹೋಗಬೇಕಿತ್ತು, ಅದು ನಮ್ಮ ದೊಡ್ಡ ತಪ್ಪು. ನಿವೃತ್ತರು, ತಿಂಗಳ ಬಾಡಿಗೆ ಅವರಿಗೆ ಆಸರೆ. ಕನ್ನಡಕ ಹಾಕಿಕೊಂಡು ಸರ್ಟಿಫಿಕೇಟನ್ನು ಎರಡು ಸಲ ಓದಿದರು. ಅದರಲ್ಲಿ ‘ನೆಲ ಮತ್ತು ಒಂದು ಮಹಡಿ’ ಅಂತಿತ್ತು.

“ನನ್ನ ಮಗನ ಮನೆ ಎಲ್ಲಿದೆ ಇದರಲ್ಲಿ?” ಅಂದರು.

ಎರಡನೇ ಮಹಡಿಯನ್ನು ಮಗನಿಗಾಗಿ ಆಮೇಲೆ ಕಟ್ಟಿಸಿದ್ದರು. ಅದು ಲೆಕ್ಕಕ್ಕೇ ಬಂದಿರಲಿಲ್ಲ. ಮಾರನೇ ದಿನ ಕೆಲಸ ನಿಲ್ಲಿಸಿ ಅಂತ ಕಂಪನಿಗೆ ಮೇಷ್ಟ್ರೇ ಪತ್ರ ಬರೆದರು. ನಾವು ಕಟ್ಟಡದ ಫೋಟೋ ಸೇರಿಸಿ ಪಾಲಿಕೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಟೆಲಿಕಾಂ ಸಮಿತಿಗೂ ಕೊಟ್ಟೆವು. ಸಿಗ್ನಲ್ ನಮಗೂ ಬೇಕಿತ್ತು, ಅದಕ್ಕೇ ಮುಖ್ಯರಸ್ತೆ ಪಕ್ಕದ ಎರಡು ಖಾಲಿ ಸೈಟ್‌ಗಳನ್ನು, ಮಾಲೀಕರ ಒಪ್ಪಿಗೆ ಕೇಳಿಕೊಂಡು, ಅದೇ ಪತ್ರದಲ್ಲಿ ಸೂಚಿಸಿದೆವು. ಕಂಪನಿಯವರು ಬಂದು ನೋಡಿ ಒಂದನ್ನು ಒಪ್ಪಿಕೊಂಡರು.

ಈಗ 2025ರ ಜನವರಿ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ನಿಮ್ಮ ಬೀದಿಗೆ ಲಾರಿ ಬಂದರೆ ಅವನ್ನು ಓದಿಕೊಂಡೇ ಅರ್ಜಿ ಬರೆಯಿರಿ. ಅದಕ್ಕೂ ಮುಂಚೆ ತಾರಸಿ ಯಾರದೋ ಅವರ ಮನೆಗೆ ಹೋಗಿ ಬನ್ನಿ.