ಇಂಗ್ಲಿಷ್ ಕಲಿಸುವುದನ್ನೇ ಓದಬೇಕೆ? ಮೊದಲು ಮಕ್ಕಳ ನೋಟ್‌ಬುಕ್ ತೆರೆಯಿರಿ

ಎಂ.ಎ. ಇಂಗ್ಲಿಷ್ ಮುಗಿಸಿ ಹೈಸ್ಕೂಲಿಗೆ ಮೇಷ್ಟ್ರಾಗಿ ಹೋದ ಹೊಸತು. ಎಂಟನೇ ತರಗತಿಯ ಹುಡುಗನೊಬ್ಬ ‘ಸಾರ್, ಐ ಡಿಡಿಂಟ್ ವೆಂಟ್’ ಅಂದ. ತಿದ್ದಿದೆ. ಮರುದಿನವೂ ಹಾಗೇ ಅಂದ. ಹತ್ತು ಸಲ ಬರೆಸಿದೆ. ಹನ್ನೊಂದನೆಯ ಸಲವೂ ‘ಡಿಡಿಂಟ್ ವೆಂಟ್’. ನಾಲ್ಕು ಸೆಮಿಸ್ಟರ್ ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಓದಿದ್ದ ನನಗೆ ಅದೇಕೆ ಹಾಗೆ ಎಂದು ಹೇಳಲು ಬಾಯಿರಲಿಲ್ಲ. ಇಂಥ ಪ್ರಶ್ನೆ ನಿಮ್ಮನ್ನೂ ಕಾಡಿದ್ದರೆ, ಎರಡನೇ ಭಾಷೆಯಾಗಿ ಇಂಗ್ಲಿಷ್ ಬೋಧನೆ, ಅನ್ವಯಿಕ ಭಾಷಾವಿಜ್ಞಾನ ಎಂಬ ಸ್ನಾತಕೋತ್ತರ ಓದು ನಿಮಗಾಗಿ ಇದೆ. ‘ಸ್ಪೋಕನ್ ಇಂಗ್ಲಿಷ್ ಚೆನ್ನಾಗಾಗುತ್ತೆ’ ಎಂಬ ಆಸೆಯಿಂದ ಹೊರಟಿದ್ದರೆ ಆ ದುಡ್ಡು ಉಳಿಸಿಕೊಳ್ಳಿ.

ಮೊದಲ ಹೆಜ್ಜೆ: ತಪ್ಪುಗಳನ್ನು ಕೂಡಿಡಿ

ಎಲ್ಲರೂ ಶುರು ಮಾಡುವುದು ಕಾಲೇಜುಗಳ ಪಟ್ಟಿಯಿಂದ. ನನ್ನ ಸಲಹೆ ಬೇರೆ. ಒಂದು ತಿಂಗಳು ನಿಮ್ಮ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಿಂದ ತಪ್ಪು ವಾಕ್ಯಗಳನ್ನು ಇದ್ದ ಹಾಗೇ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದಕ್ಕೂ ಕೇಳಿ: ಇದು ಕನ್ನಡದಿಂದ ಬಂದದ್ದೋ, ಅಲ್ಲವೋ?

‘ಮೈ ಫಾದರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಹುಡುಗಿ ಬರೆದಿದ್ದಾಳೆ. ನಾಳೆ ಬರುವವರು ಅಪ್ಪ, ಅವಳಲ್ಲ. ‘ನಮ್ಮಪ್ಪ ನಾನು ನಾಳೆ ಬರ್ತೀನಿ ಅಂತ ಹೇಳಿದ್ರು’ ಅನ್ನುವ ಕನ್ನಡದ ‘ಅಂತ’ ಇಲ್ಲಿ ‘ದಟ್’ ಆಗಿ ಕೂತಿದೆ. ಇದು ನಮ್ಮ ಮನೆಯದೇ ತಪ್ಪು. ಹಾಗಾದರೆ ‘ಡಿಡಿಂಟ್ ವೆಂಟ್’? ಕನ್ನಡದಲ್ಲಿ ‘ಹೋಗಲಿಲ್ಲ’ ಅನ್ನುತ್ತೇವೆ, ‘ಹೋದಲಿಲ್ಲ’ ಅನ್ನುವುದಿಲ್ಲ. ಕನ್ನಡವನ್ನೇ ನಕಲು ಹೊಡೆದಿದ್ದರೆ ಹುಡುಗ ಸರಿಯಾಗಿಯೇ ಹೇಳಬೇಕಿತ್ತು! ಈ ತಪ್ಪನ್ನು ಬೇರೆ ಬೇರೆ ಮಾತೃಭಾಷೆಯ ಮಕ್ಕಳೂ ಮಾಡುತ್ತಾರೆ. ಕಲಿಯುವವನು ತನ್ನದೇ ಒಂದು ನಿಯಮ ಕಟ್ಟಿಕೊಂಡು ಭೂತಕಾಲವನ್ನು ಎರಡು ಕಡೆ ಹಾಕುತ್ತಿದ್ದಾನೆ. ಇಂಥ ತಪ್ಪುಗಳು ಕಲಿಕೆಯ ಸಾಕ್ಷಿ ಎಂದು ಎಡಿನ್‌ಬರೋದಲ್ಲಿದ್ದ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ವಾದಿಸಿದರು. ಕಲಿಯುವವರ ಈ ನಡುವಿನ ಭಾಷೆಯ ಬಗ್ಗೆ ಲ್ಯಾರಿ ಸೆಲಿಂಕರ್ 1972ರಲ್ಲಿ ಬರೆದ ಲೇಖನದಿಂದ ‘ಅಂತರಭಾಷೆ’ ಎಂಬ ಮಾತು ನೆಲೆಯೂರಿತು. ನನ್ನ ಹುಡುಗ ದಡ್ಡನಾಗಿರಲಿಲ್ಲ ಎಂದು ಗೊತ್ತಾಗಲು ನನಗೆ ಆರು ವರ್ಷ ಬೇಕಾಯಿತು.

ಎರಡನೆಯದು: ಹೆಸರು ನೋಡಿ ಮೋಸ ಹೋಗಬೇಡಿ

ಭಾಷೆಯ ಧ್ವನಿ, ಪದ, ವಾಕ್ಯ ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಭಾಷಾವಿಜ್ಞಾನ. ಆ ತಿಳಿವನ್ನು ಕಲಿಕೆ, ಪರೀಕ್ಷೆ, ಅನುವಾದ, ಭಾಷಾನೀತಿಗೆ ತಂದರೆ ಅನ್ವಯಿಕ ಭಾಷಾವಿಜ್ಞಾನ. ಪಠ್ಯಕ್ರಮ, ಬೋಧನಾ ವಿಧಾನ, ಪ್ರಶ್ನೆಪತ್ರಿಕೆ ತಯಾರಿಯ ಕಡೆ ವಾಲಿದ್ದು ಇಂಗ್ಲಿಷ್ ಬೋಧನೆಯ ಕೋರ್ಸು. ‘ಎಂ.ಎ. ಇಂಗ್ಲಿಷ್’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಸಾಹಿತ್ಯ. ಬೋಧನೆಗೆ ಒಂದೋ ಎರಡೋ ಪತ್ರಿಕೆ ಇದ್ದೀತು. ಸಿಲಬಸ್ ತರಿಸಿಕೊಂಡು ಓದದೆ ಅರ್ಜಿ ಹಾಕಬೇಡಿ.

ಎಲ್ಲಿ ಓದುವುದು?

ಹೈದರಾಬಾದಿನ ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಈ ಓದಿನ ತವರು. 1958ರಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಬೆಳೆದು ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ನೌಕರಿ ಬಿಡಲಾಗದ ಶಿಕ್ಷಕರು ಅದರ ದೂರಶಿಕ್ಷಣದ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟು, ಡಿಪ್ಲೊಮಾಗಳನ್ನು ವಿಚಾರಿಸಬಹುದು. ನಾನು ಹಿಡಿದ ದಾರಿಯೂ ದೂರಶಿಕ್ಷಣದ್ದೇ. ಅದೇ ಊರಿನ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ, ಹಳೆ ವಿದ್ಯಾರ್ಥಿಗಳ ಮಾತು ಬಿಟ್ಟು ಆ ವರ್ಷದ ಅಧಿಸೂಚನೆ ನೋಡಿ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಸರ್ಕಾರಿ ಶಾಲೆಯ ಎಷ್ಟೋ ಶಿಕ್ಷಕರು ಅಲ್ಲಿ ಮೂವತ್ತು ದಿನದ ತರಬೇತಿಗೆ ಹೋಗಿ ‘ಊಟ ಚೆನ್ನಾಗಿತ್ತು’ ಎಂದು ಹೇಳಿ ಬಂದಿದ್ದಾರೆ. ಆದರೆ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣದ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೂ ಆ ಸಂಸ್ಥೆಗೂ ನಂಟಿದೆ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತಿಲ್ಲ. ವ್ಯಾಕರಣವನ್ನು ಪಾಠವಾಗಿ ಹೇಳಿಕೊಡದೆ, ರೈಲಿನ ವೇಳಾಪಟ್ಟಿ ಕೊಟ್ಟು ‘ಯಾವ ಗಾಡಿ ಹಿಡಿದರೆ ಹೊತ್ತಿಗೆ ಮುಟ್ಟುತ್ತೀರಿ’ ಎಂಬಂಥ ಕೆಲಸ ಕೊಡುವುದು. ಲೆಕ್ಕ ಹಾಕುತ್ತಾ ಹಾಕುತ್ತಾ ಇಂಗ್ಲಿಷ್ ಒಳಗಿಳಿಯುತ್ತದೆ ಎಂಬ ನಂಬಿಕೆ. ಹೀಗೆ ಕೆಲಸ ಕೊಟ್ಟು ಕಲಿಸುವ ಟಾಸ್ಕ್ ಆಧಾರಿತ ಬೋಧನೆಯ ಮಾತು ಬಂದಲ್ಲೆಲ್ಲ ಪ್ರಭು ಅವರ ಈ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಬರುತ್ತದೆ. ಲಂಡನ್ನಿನಲ್ಲಿ ಸಂದರ್ಶನಕ್ಕೆ ಕೂತ ಬೆಂಗಳೂರಿನವರಿಗೇ ಇದು ತಿಳಿದಿಲ್ಲವೆಂದರೆ ಮುಜುಗರ.

ವಿದೇಶಕ್ಕೆ ಹೋಗುವವರು

ಬ್ರಿಟನ್ನಿನ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ, 180 ಕ್ರೆಡಿಟ್. ಬಹಳಷ್ಟು ಕಡೆ ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 6.5 ಅಥವಾ 7 ಕೇಳುತ್ತಾರೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಪಾಠ ಮಾಡಿದ ವರ್ಷಗಳು ಇಲ್ಲಿ ಬೆಲೆ ಬಾಳುತ್ತವೆ. ಅನುಭವವೇ ಇಲ್ಲದವರಿಗೆ ಇಂಗ್ಲಿಷ್ ಕಲಿಸುವವರಿಗೆಂದೇ ಕೇಂಬ್ರಿಜ್‌ ಕೊಡುವ ಸೆಲ್ಟಾ ಸರ್ಟಿಫಿಕೇಟು ಇದೆ: ಸುಮಾರು 120 ಗಂಟೆಯ ಕೋರ್ಸು, ಅದರಲ್ಲಿ ಆರು ಗಂಟೆ ನಿಜವಾದ ಕಲಿಯುವವರ ಮುಂದೆ ನಿಂತು ಪಾಠ. ಅದು ಪದವಿಯಲ್ಲ, ಎಂ.ಎ.ಗೆ ಬದಲಿಯೂ ಅಲ್ಲ.

ಅರ್ಜಿಯ ಜೊತೆಗಿನ ಉದ್ದೇಶ ಪತ್ರವನ್ನು ‘ಬಾಲ್ಯದಿಂದಲೂ ನನಗೆ ಇಂಗ್ಲಿಷ್ ಎಂದರೆ ಪ್ರಾಣ’ ಎಂದು ಶುರು ಮಾಡಿದರೆ ಓದುವವರು ಅಲ್ಲೇ ಆಕಳಿಸುತ್ತಾರೆ. ಕೂಡಿಟ್ಟ ತಪ್ಪುಗಳಿಂದ ಒಂದನ್ನು ಎತ್ತಿ ಮೊದಲ ಸಾಲಿಗೇ ಹಾಕಿ. ಯಾಕೆ ಹೀಗಾಗುತ್ತದೆಂದು ನಿಮಗನ್ನಿಸುತ್ತದೆ, ಏನು ಮಾಡಿ ನೋಡಿದಿರಿ, ಎಲ್ಲಿ ಸೋತಿರಿ, ಬರೆಯಿರಿ.

ಸೇರುವ ಮುಂಚೆ ಒಂದು ಎಚ್ಚರಿಕೆ

ಪದವಿ ಕಾಲೇಜಿನ ಉಪನ್ಯಾಸಕ ಹುದ್ದೆಗೆ ‘ಸಂಬಂಧಪಟ್ಟ ವಿಷಯದಲ್ಲಿ’ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಅಂಕಪಟ್ಟಿಯಲ್ಲಿ ‘ಅನ್ವಯಿಕ ಭಾಷಾವಿಜ್ಞಾನ’ ಎಂದಿದ್ದರೆ ಅದು ಇಂಗ್ಲಿಷಿಗೆ ಸಮವೇ ಎಂಬ ತಕರಾರು ಏಳಬಹುದು. ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲೂ (ನೆಟ್) ಇಂಗ್ಲಿಷ್ ಬೇರೆ, ಭಾಷಾವಿಜ್ಞಾನ ಬೇರೆ. ಸೇರುವ ಮೊದಲೇ ಸಮಾನತೆಯ ಬಗ್ಗೆ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ, ಸಿಲಬಸ್ ಪ್ರತಿಗೆ ವಿಭಾಗದ ಮೊಹರು ಹಾಕಿಸಿ ಕಾಪಾಡಿ.

ಪ್ರಬಂಧ

ಎಂ.ಎ.ಯ ಕೊನೆಗೆ ಬರೆಯುವ ಸಂಶೋಧನಾ ಪ್ರಬಂಧಕ್ಕೆ ಕೂಡಿಟ್ಟ ತಪ್ಪುಗಳು ವಿಷಯ ಹುಡುಕಲು ಸಾಕು, ಆದರೆ ಅವನ್ನೇ ದತ್ತಾಂಶವೆಂದು ಸಲ್ಲಿಸುವಂತಿಲ್ಲ. ಬ್ರಿಟನ್ನಿನಲ್ಲಂತೂ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯ ಒಪ್ಪಿಗೆ ಸಿಕ್ಕ ಮೇಲಷ್ಟೇ ಸಂಗ್ರಹ ಶುರು. ಅಲ್ಲಿ ಪ್ರಬಂಧದ ಕೆಲಸ ಬೇಸಿಗೆಯಲ್ಲಿ. ನಮ್ಮಲ್ಲಿ ಏಪ್ರಿಲ್, ಮೇ ರಜೆ. ಹಾಗಾಗಿ ವಸಂತದಲ್ಲೇ ಒಪ್ಪಿಗೆ ಪಡೆದು, ಮುಖ್ಯೋಪಾಧ್ಯಾಯರ ಜೊತೆ ಮಾತಾಡಿಟ್ಟುಕೊಂಡು, ಶಾಲೆ ತೆರೆಯುವ ಜೂನ್‌ಗೆ ಊರಿಗೆ ಬನ್ನಿ. ಮಕ್ಕಳ ಉಚ್ಚಾರಣೆ ಅಳೆಯಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಯಾರಾದ ಪ್ರಾಟ್ ತಂತ್ರಾಂಶ, ಬರಹದ ರಾಶಿಯಲ್ಲಿ ಪದ ಹುಡುಕಲು ಆಂಟ್‌ಕಾಂಕ್, ಎರಡೂ ಉಚಿತ.

ಪೋಷಕರ ಒಪ್ಪಿಗೆ ಪತ್ರ ಮಾತ್ರ ಕನ್ನಡದಲ್ಲೇ ಇರಲಿ, ಅದೂ ಮನೆಮಾತಿನ ಕನ್ನಡದಲ್ಲಿ. ನನ್ನ ಪುಟ್ಟ ಪ್ರಾಜೆಕ್ಟಿಗೆ ‘ಸದರಿ ಸಂಶೋಧನೆಗೆ ತಮ್ಮ ಸಮ್ಮತಿಯನ್ನು ಕೋರಲಾಗಿದೆ’ ಎಂದು ಬರೆದು ಕಳಿಸಿದ್ದೆ. ಮರುದಿನ ಬೆಳಿಗ್ಗೆ ಒಬ್ಬ ತಾಯಿ ಹೊಲದ ಕೆಲಸ ಬಿಟ್ಟು ಸ್ಕೂಲಿಗೇ ಬಂದು ನಿಂತರು: ‘ಮೇಷ್ಟ್ರೇ, ನನ್ ಮಗ ಏನ್ ತಪ್ ಮಾಡ್ದ?’