ಎಲ್ಡನ್ ರಿಂಗ್ ವಿಡಿಯೋ ಗೇಮ್ ಆಡೋರು ತೂಕ 70% ದಾಟಿಸ್ಬೇಡಿ

ಹೊಸಬ್ರು ದಪ್ಪ ಆರ್ಮರ್ ಸಿಕ್ಕಿದ ತಕ್ಷಣ ಹಾಕ್ಕೊಂಡ್ಬಿಡ್ತೀರ, ಆಮೇಲೆ ಏಟು ತಪ್ಪಿಸ್ಕೊಳ್ಳೋಕೆ ರೋಲ್ ಮಾಡಿದ್ರೆ (ಉರುಳಿದ್ರೆ) ಮೂಟೆ ಬಿದ್ದಂಗೆ ಧಪ್ ಅಂತ ಬಿದ್ದು ಏಳೋಷ್ಟ್ರಲ್ಲಿ ಬಾಸ್ ಇನ್ನೊಂದು ಏಟು ಕೊಟ್ಟಿರುತ್ತೆ. ಸ್ಟೇಟಸ್ ಸ್ಕ್ರೀನ್‌ನಲ್ಲಿ ಎಕ್ವಿಪ್ ಲೋಡ್ (ಹಾಕ್ಕೊಂಡಿರೋ ತೂಕ ಎಷ್ಟು, ಹೊರೋ ಮಿತಿ ಎಷ್ಟು ಅಂತ) ನೋಡಿ, ತೂಕ ಆ ಮಿತಿಯ 30% ಒಳಗಿದ್ರೆ ಲೈಟ್, 70% ಒಳಗಿದ್ರೆ ಮೀಡಿಯಂ, ಅದು ದಾಟಿದ್ರೆ ಹೆವಿ, 100% ದಾಟಿದ್ರೆ ರೋಲೇ ಆಗಲ್ಲ. ಮೀಡಿಯಂ ಸಾಕು ರೀ, ನಿಜವಾಗ್ಲೂ.

ತುಂಬಾ ಜನ ಮರೆಯೋದು ಏನಂದ್ರೆ ಕೈಯಲ್ಲಿ ಹಿಡಿದಿರೋ ಕತ್ತಿ ಮಾತ್ರ ಅಲ್ಲ, ಬೇರೆ ಸ್ಲಾಟ್‌ಗಳಲ್ಲಿ ಸುಮ್ನೆ ಇಟ್ಟಿರೋ ಎರಡನೇ ಕತ್ತಿ, ಶೀಲ್ಡ್, ಟ್ಯಾಲಿಸ್ಮನ್ (ಶಕ್ತಿ ಕೊಡೋ ತಾಯಿತ) ಎಲ್ಲಾ ಲೆಕ್ಕಕ್ಕೆ ಬರುತ್ತೆ, ಬ್ಯಾಗಲ್ಲಿರೋದು ಬರಲ್ಲ. ಮೊದ್ಲು ಸ್ಲಾಟಲ್ಲಿ ಸುಮ್ನೆ ಇರೋದನ್ನ ತೆಗೀರಿ. ಆಮೇಲೂ ಲೆಕ್ಕ ಹಾಕಿದ್ರೆ 71% ಬರ್ತಿದ್ರೆ ಗ್ಲೌಸ್ ಒಂದು ಹಗುರದ್ದು ಹಾಕಿ, ಎದೆ ಕವಚ ಬಿಡ್ಬೇಡಿ, ಜಾಸ್ತಿ ರಕ್ಷಣೆ ಅದ್ರಲ್ಲೇ ಇರೋದು. ಲೆವೆಲ್ ಹಾಕೋವಾಗ ಎಂಡ್ಯೂರೆನ್ಸ್ ಅನ್ನೋ ಗುಣ ಏರಿಸಿದ್ರೂ ತೂಕದ ಮಿತಿ ಹೆಚ್ಚುತ್ತೆ.