ಬೋಲ್ಡ್ ಸೆರಿಫ್ ಫಾಂಟ್: ಕಪ್ಪಿಗಿಂತ ಬಿಳಿಯದೇ ಕೆಲಸ ಜಾಸ್ತಿ

ರೆಗ್ಯುಲರ್ ಫಾಂಟ್ ಕೈಯಲ್ಲಿದ್ದರೆ ಅದರ ಸುತ್ತ ಒಂದಷ್ಟು ದಪ್ಪ ಸೇರಿಸಿದರೆ ಬೋಲ್ಡ್ ಆಯ್ತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಅದಕ್ಕೊಂದು ಬಟನ್ ಕೂಡ ಇದೆ. ಒತ್ತಿ ನೋಡಿ. ಕಂಬದಷ್ಟೇ (ಅಕ್ಷರದ ನೆಟ್ಟಗಿನ ಗೆರೆ) ಸೆರಿಫ್ ಕೂಡ (ಗೆರೆಯ ತುದಿಯ ಪುಟ್ಟ ಚಾಚು) ಊದಿಕೊಳ್ಳುತ್ತದೆ, ಇಂಗ್ಲಿಷ್‌ನ ಸಣ್ಣ ‘ಇ’ಯ ಕಣ್ಣು, ಅಂದರೆ ಒಳಗಿನ ಬಿಳಿ ಜಾಗ, ಮುಚ್ಚಿಹೋಗುತ್ತದೆ.

ನಾನು ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಬೋಲ್ಡ್ ಸೆರಿಫ್, ಹೆಡ್‌ಲೈನ್‌ಗೆಂದೇ. ಅಕ್ಷರ ಬಿಡಿಸುವ 1000 ಯೂನಿಟ್ ಚೌಕದಲ್ಲಿ ದೊಡ್ಡ ‘ಎಚ್’ನ ಕಂಬಕ್ಕೆ 170 ಯೂನಿಟ್ ಕೊಟ್ಟೆ, ಸಣ್ಣ ಅಕ್ಷರಗಳಿಗೆ 155. ಅಡ್ಡಗೆರೆ ಮಾತ್ರ 50ರಲ್ಲೇ ಉಳಿಸಿದೆ. ಎತ್ತರ ಹಾಗೇ ಇರುವಾಗ ಅಡ್ಡಗೆರೆಗಳೂ ದಪ್ಪವಾದರೆ ಒಳಗಿನ ಬಿಳಿಗೆ ಜಾಗವೇ ಇರಲ್ಲ, ಅಲ್ವಾ? ಹಾಗಾಗಿ ಬೋಲ್ಡ್ ಅಕ್ಷರ ಅಗಲಕ್ಕೆ ಬೆಳೆಯಬೇಕು. ಸಣ್ಣ ಅಕ್ಷರಗಳ ಎತ್ತರವನ್ನೂ ಸ್ವಲ್ಪ ಏರಿಸಿದೆ.

ಶುರು ಮಾಡಿದ್ದು ‘ಎಚ್’, ‘ಒ’, ಸಣ್ಣ ‘ಎನ್’ ಇವುಗಳಿಂದ. ‘ಒ’ ಮೇಲೆ ಕೆಳಗೆ ಸುಮಾರು 14 ಯೂನಿಟ್ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ‘ಎಚ್’ ಪಕ್ಕ ಕುಳ್ಳಗೆ ಕಾಣುತ್ತದೆ. ಅದು ಬೇಗ ಮುಗಿಯಿತು.

ಜೀವ ತಿಂದಿದ್ದು ‘ಎನ್’. ಕಮಾನು ಎಡಗಂಬದಿಂದ ಹೊರಡುವ ಜಾಗದಲ್ಲಿ ಎರಡೂ ಗೆರೆ ಸೇರಿ ಕಪ್ಪು ಮುದ್ದೆಯಾಗುತ್ತದೆ, ದೂರದಿಂದ ನೋಡಿದರೆ ಅಲ್ಲಿ ಶಾಯಿ ಕಲೆ ಬಿದ್ದಂತೆ ಇರುತ್ತದೆ. ಕಮಾನಿನ ಬೇರನ್ನು ತೆಳ್ಳಗೆ ಮಾಡಿ, ಒಳಗಿನ ಬಿಳಿಯನ್ನು ಕಂಬದ ಉದ್ದಕ್ಕೂ ಮೇಲಕ್ಕೆ ಆಳವಾಗಿ ಕೊರೆದೆ, ಕಮಾನಿನ ಬಲಭುಜದಲ್ಲಿ ಮಾತ್ರ ತೂಕ (ಗೆರೆಯ ದಪ್ಪ) ಪೂರ್ತಿ ಬಿಟ್ಟೆ. ಝೂಮ್ ಮಾಡಿದರೆ ಗೆರೆ ತುಂಡಾಗಿದೆಯೇನೋ ಅನ್ನಿಸುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಕಣ್ಣು ಕಿರಿದು ಮಾಡಿ ನೋಡಿದರೆ ಸರಿಯಾಗಿರುತ್ತದೆ. ಇದೇ ಉಪಾಯ ‘ಎಂ’, ‘ಆರ್’, ‘ಬಿ’ ಎಲ್ಲದಕ್ಕೂ ನಡೆಯಿತು. ಸಣ್ಣ ‘ಎ’ ಮತ್ತು ‘ಎಸ್’ಗೆ ನಡೆಯಲಿಲ್ಲ, ಅವನ್ನು ಬೇರೆಯಾಗಿಯೇ ಬಿಡಿಸಬೇಕಾಯ್ತು.

ಸೆರಿಫ್ ಹೇಗಿರಬೇಕು ಅನ್ನುವುದಕ್ಕೆ ಹಳೆಯ ಫಾಂಟ್‌ಗಳನ್ನು ನೋಡಿದೆ. 1845ರ ಕ್ಲಾರೆಂಡನ್‌ನಲ್ಲಿ ಸೆರಿಫ್ ಕಂಬಕ್ಕೆ ಬಾಗಿ ಸೇರುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. 1922ರ ಕೂಪರ್ ಬ್ಲ್ಯಾಕ್‌ನಲ್ಲಿ ತುದಿಗಳೆಲ್ಲ ದುಂಡಗೆ, ನೋಡಿದರೆ ಮುದ್ದು ಬರುತ್ತದೆ, ಗಂಭೀರ ವಿಷಯಕ್ಕೆ ಒಗ್ಗುವುದಿಲ್ಲ. ನನ್ನದು ಕ್ಲಾರೆಂಡನ್ ಕಡೆಗೆ ವಾಲಿತು, ಬಾಗು ಮಾತ್ರ ಕಡಿಮೆ.

ಅಕ್ಷರಗಳ ನಡುವಿನ ಜಾಗವನ್ನೂ ರೆಗ್ಯುಲರ್‌ನಿಂದ ಸುಮ್ನೆ ನಕಲು ಮಾಡುವ ಹಾಗಿಲ್ಲ. ಒಳಗಿನ ಬಿಳಿ ಕಡಿಮೆಯಾದಷ್ಟು ಹೊರಗಿನ ಬಿಳಿಯೂ ಕಡಿಮೆಯಾಗಬೇಕು, ಇಲ್ಲದಿದ್ದರೆ ಪದ ಬಿಡಿಬಿಡಿಯಾಗಿ ಕಾಣುತ್ತದೆ. ಕರ್ನಿಂಗ್, ಅಂದರೆ ಒಂದೊಂದು ಅಕ್ಷರ ಜೋಡಿಯ ನಡುವಿನ ಜಾಗ ಸರಿಪಡಿಸುವುದು, ಕೊನೆಗೆ. ಮೊದಲೇ ಕೈ ಹಾಕಿದರೆ ಸುಮ್ನೆ ಸಮಯ ದಂಡ.

ಬಳಕೆಗೆ ಬಂದರೆ, 24 ಪಾಯಿಂಟ್‌ಗಿಂತ ಮೇಲೆ ಇದು ಚೆನ್ನಾಗಿರುತ್ತದೆ: ಪುಸ್ತಕದ ಮುಖಪುಟ, ಪೋಸ್ಟರ್, ಪೊಟ್ಟಣದ ಮೇಲಿನ ಹೆಸರು. ಸಾಲುಗಳ ನಡುವಿನ ಅಂತರ ಬಿಗಿ ಮಾಡಿದಷ್ಟೂ ಕಳೆ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇನ್ನೂ ದಪ್ಪ ಕಾಣುವುದರಿಂದ ಅಲ್ಲಿಗೆ ಒಂದು ಹಂತ ತೆಳುವಾದ ತೂಕ ಹಾಕಬೇಕು. ಇಡೀ ಪ್ಯಾರಾ ಇದರಲ್ಲಿ ಹಾಕಬೇಡಿ, ಓದುವವರ ಕಣ್ಣು ನೋಯುತ್ತದೆ. ಚಿಕ್ಕ ಗಾತ್ರಕ್ಕೂ ಬೇಕೇ ಬೇಕು ಅಂದವರಿಗೆ ಈಗ ಇದರದ್ದೇ ಬೇರೆ ರೂಪ ಮಾಡುತ್ತಿದ್ದೇನೆ. ಅದರಲ್ಲಿ ಅಡ್ಡಗೆರೆ 50ರ ಬದಲು 75, ನಡುವಿನ ಜಾಗವೂ ಸ್ವಲ್ಪ ಸಡಿಲ.